ಎಲ್ಲರಿಗೂ ಒಂದನೇ ನಂಬರು

ನಮ್ಮ ಮನೆಯವರು ಶಹಾಬಾದಿನಲ್ಲಿ ಮೂವತ್ತೊಂದು ವರ್ಷ ಫರಸಿ ಕಲ್ಲು ಆರಿಸುವ ಕೆಲಸ ಮಾಡಿದರು. ಖಣಿಯಿಂದ ಬಂದ ಹಾಸುಗಲ್ಲನ್ನು ನಿಲ್ಲಿಸಿ ಸುತ್ತಿಗೆಯ ಹಿಡಿಯಿಂದ ಬಡಿಯುವುದು, ಸದ್ದು ಕೇಳುವುದು. ಗಂಟೆಯ ಹಾಗೆ ಕೇಳಿದರೆ ಒಂದನೇ ನಂಬರು. ಸ್ವಲ್ಪ ಒಳಗೆ ಸೇದಿಕೊಂಡಂತೆ ಕೇಳಿದರೆ ಎರಡನೆಯದು. ಒಳಗೆ ಸೀಳಿದ್ದರೆ ಮಣ್ಣಿನ ಗೋಡೆ ಬಡಿದ ಹಾಗೆ ಸದ್ದು. ಅದನ್ನು ಆಚೆ ಹಾಕುವುದು. ಅವರ ಹೆಸರು ಅಣವೀರ. ಬಾಯಿಂದ ನಾನು ಇಂದಿಗೂ ಹೇಳುವುದಿಲ್ಲ, ಬರೆಯುವುದಕ್ಕೆ ಅಡ್ಡಿಯಿಲ್ಲ.

ಕಲ್ಲು ಬಿಟ್ಟರೆ ಅವರಿಗೆ ಇದ್ದದ್ದು ಒಂದು ದಿನದ ಕ್ರಿಕೆಟ್. ಎಂಬತ್ಮೂರರ ವಿಶ್ವಕಪ್ಪಿನ ಸುದ್ದಿಯನ್ನು ಸ್ಟೇಷನ್ ಹತ್ತಿರದ ಚಹಾ ಹೋಟೆಲಿನ ರೇಡಿಯೊದಲ್ಲಿ ಕೇಳುವಾಗ ಪಕ್ಕದಲ್ಲಿ ನಿಂತವರು ಭೀಮಶ್ಯಾ. ವಾಡಿಯವರು, ರೈಲ್ವೆ ಗ್ಯಾಂಗಿನಲ್ಲಿದ್ದರು. ಅಂದಿನಿಂದ ನಲವತ್ತು ವರ್ಷ ಇಬ್ಬರದೂ ಒಂದೇ ವಾದ: ಎಲ್ಲ ಕಾಲಕ್ಕೂ ದೊಡ್ಡ ಬ್ಯಾಟ್ಸ್‌ಮನ್ ಯಾರು? ಯಾರ ಸೆಂಚುರಿ ಜಾಸ್ತಿಯೋ ಅವನೇ ದೊಡ್ಡವನು ಎಂಬುದು ಭೀಮಶ್ಯಾ ಅವರ ಲೆಕ್ಕ. ನಮ್ಮ ಮನೆಯವರು ಅದಕ್ಕೆ ಒಪ್ಪಿದವರಲ್ಲ. ನಾನು ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ರಿಚರ್ಡ್ಸ್, ಜಹೀರ್ ಅಬ್ಬಾಸ್, ಲಾರಾ, ಜಯಸೂರ್ಯ ಎಲ್ಲರೂ ನನಗೆ ನೆಂಟರ ಹಾಗೆ ಆಗಿಹೋಗಿದ್ದರು.

ಕಲ್ಲಿನ ಧೂಳು ಕೊನೆಗೆ ಎದೆಯಲ್ಲಿ ಕೂತಿತು. ಕಲಬುರಗಿಯ ಡಾಕ್ಟರು ಉಸಿರಿನ ಮಶೀನು ಬರೆದುಕೊಟ್ಟರು. "ಮಾತಾಡಿಸಬೇಡಿ. ಒಂದೊಂದು ಮಾತಿಗೂ ಉಸಿರು ಖರ್ಚಾಗುತ್ತದೆ" ಎಂದರು. ಸೇಡಂಗೆ ಕೊಟ್ಟ ಮಗಳು ಅಂಬುಜಾ ಬಂದು ನಮ್ಮ ಮನೆಯಲ್ಲೇ ನಿಂತಳು. ಅಪ್ಪನ ಮೊಬೈಲು ತೆಗೆದಿಟ್ಟಳು. ಭೀಮಶ್ಯಾ ಅವರಿಗೆ ಫೋನ್ ಮಾಡಿ, "ಕಾಕಾ, ನೀವು ಬಂದ್ರ ಅಪ್ಪ ಬಾಯಿ ಮುಚ್ಚಾಂಗಿಲ್ಲ. ಬರಬ್ಯಾಡ್ರಿ" ಎಂದಳು. ಅವರು ಬರಲಿಲ್ಲ. ಇವರು ಗೋಡೆಯ ಕಡೆ ತಿರುಗಿ ಮಲಗಿದರು. ನಾಲ್ಕು ತಿಂಗಳು ಹಾಗೇ. ಗಂಜಿ ಕುಡಿಸಿದರೆ ಕುಡಿಯುವರು, ಇಲ್ಲವೆಂದರೆ ಇಲ್ಲ. ಮೊದಮೊದಲು ನನಗೆ ಸಂಕಟವಾಗುತ್ತಿತ್ತು. ಆಮೇಲೆ ಅದೂ ಆಗಲಿಲ್ಲ. ಮಶೀನಿನ ಸದ್ದಿಗೆ ಕಿವಿ ಹೊಂದಿಕೊಂಡಂತೆ ಹೊಂದಿಕೊಂಡೆ.

ಎರಡು ಸಾವಿರದ ಇಪ್ಪತ್ಮೂರರ ನವೆಂಬರಿನಲ್ಲಿ ವಿಶ್ವಕಪ್ಪಿನ ಸೆಮಿಫೈನಲ್ ದಿನ ಕೊಹ್ಲಿಯ ಐವತ್ತನೇ ಸೆಂಚುರಿ ಆಯಿತು. ಅಲ್ಲಿಯವರೆಗೆ ಸಚಿನ್‌ನ ನಲವತ್ತೊಂಬತ್ತೇ ದೊಡ್ಡದು. ಮರುದಿನ ಬೆಳಿಗ್ಗೆ ಭೀಮಶ್ಯಾ ರೈಲು ಹತ್ತಿ ಬಂದೇಬಿಟ್ಟರು. ಕಿಟಕಿಯಿಂದ ನೋಡಿದೆ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಾಗಿಲ ಹೊರಗೆ ನಿಂತಿದ್ದರು.

"ವೈನಿ, ಮಾತಾಡಲ್ಲ. ಮಾರಿ ನೋಡಿ ಹೋಗ್ತೀನಿ."

"ಯವ್ವಾ, ತೆಗಿಬ್ಯಾಡ" ಎಂದು ಅಂಬುಜಾ ನನ್ನ ಮೊಳಕೈ ಹಿಡಿದಳು. "ಅಪ್ಪಗ ಉಸರಾ ಸಾಲಲ್ಲ. ನಿನಗ ಗೊತ್ತದ."

ನನಗೆ ಗೊತ್ತಿತ್ತು. ಚಿಲಕ ತೆಗೆದೆ.

ಭೀಮಶ್ಯಾ ಮಂಚದ ಹತ್ತಿರ ನೆಲಕ್ಕೆ ಕೂತರು. ಎರಡು ನಿಮಿಷ ಮಾತು ತಡೆದುಕೊಂಡರು. ಮೂರನೆಯದಕ್ಕೆ ಆಗಲಿಲ್ಲ.

"ಐವತ್ತ ಆದ್ವು ನೋಡಲೇ ಅಣವೀರ. ಈಗರೆ ಒಪ್ಪು. ಕೊಹ್ಲಿ."

ಇವರು ಮೆಲ್ಲಗೆ ಈ ಕಡೆ ಹೊರಳಿದರು. ಬೆರಳ ಗೆಣ್ಣಿನಿಂದ ಮಂಚದ ಕಬ್ಬಿಣದ ಪಟ್ಟಿಯನ್ನು ಒಂದು ಸಲ ಬಡಿದರು. ಟಣ್.

"ಒಂದನೇ ನಂಬರಾ? ಹಂಗ ಬಾ ದಾರಿಗಿ. ಮತ್ತ ಸಚಿನ್?"

ಟಣ್.

"ಅವನೂ? ಧೋನಿ?"

ಟಣ್.

"ರಿಚರ್ಡ್ಸ್? ಬರೇ ಹನ್ನೊಂದ ಸೆಂಚುರಿ ಮಾಡ್ದಾಂವ?"

ಟಣ್. ಇದನ್ನು ಜೋರಾಗಿ ಬಡಿದರು.

"ಎಲ್ಲರೂ ಒಂದನೇ ನಂಬರ ಆದ್ರ ಎರಡನೇದಾಂವ ಯಾರಲೇ? ನಾ ಏನು? ವಾಡಿ ರೈಲ್ವೆ ಟೀಮಿನ ಓಪನರ್ ಭೀಮಶ್ಯಾ?"

ಇವರು ಅಂಗೈಯಿಂದ ಗಾದಿಯ ಮೇಲೆ ತಟ್ಟಿದರು. ಥಪ್. ಆಚೆ ಹಾಕುವ ಕಲ್ಲು. ಅಂಬುಜಾಳೂ ನಕ್ಕಳು. ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಭೀಮಶ್ಯಾ ಬಿಡಲಿಲ್ಲ.

"ನಕ್ಕು ತಪ್ಪಿಸ್ಕೋಬ್ಯಾಡ. ಒಂದ ಹೆಸರ ಹೇಳು. ನಲವತ್ತ ವರ್ಷ ಆತು."

ಇವರು ಮೂಗಿನ ನಳಿಕೆಯನ್ನು ಕೆಳಗೆ ಸರಿಸಿದರು. ಅಂಬುಜಾ ಮುಂದೆ ಹೋಗುವಷ್ಟರಲ್ಲಿ ಶುರುಮಾಡಿಬಿಟ್ಟಿದ್ದರು.

"ಲೇ ಭೀಮ್ಯಾ. ನೀ ಮನ್ನಿ ತನಕ ಸಚಿನ್ ಅಂತಿದ್ದಿ. ಇವತ್ತ ಕೊಹ್ಲಿ ಅಂತಿ. ನಾಳಿ ಮತ್ತೊಬ್ಬ ಬರ್ತಾನ. ಒಂದ ಖಣಿ ಫರಸಿ ಇನ್ನೊಂದ ಖಣಿ ಫರಸಿ ಜೋಡಿ ಹಾಸ್ತಾರೇನು? ಬಣ್ಣನೇ ಕೂಡಲ್ಲ. ನಾವು ಛೆಣ್ಣಿಲಿ ಕಡದೀವಿ, ಈಗಿನವ್ರು ಮಶೀನಿಲಿ ಕಡೀತಾರ. ಆ ರಿಚರ್ಡ್ಸ್ ಹೆಲ್ಮೆಟ್ ಇಲ್ದ ನಿಂತಾಂವ, ಟೋಪಿ ಹಾಕ್ಕೊಂಡು. ಇವರಿಗಿ ಎರಡ ಕಡಿಂದ ಎರಡ ಹೊಸ ಬಾಲ್, ದಿನಾ ಒಂದ ಮ್ಯಾಚ್, ಕಣ್ಣ ಮುಂದ ಕ್ಯಾಮೆರಾ. ಅವರವರ ಖಣಿಯಾಗ ಬಡದು ನೋಡ್ಬೇಕು. ಒಳಗ ಸೀಳಿಲ್ಲಂದ್ರ ಅಂವ ಒಂದನೇ ನಂಬರ."

ಇಷ್ಟನ್ನೂ ಒಂದೇ ಸಮ ಹೇಳಲಿಲ್ಲ. ನಡುನಡುವೆ ಕೆಮ್ಮಿದರು, ನಿಂತರು, ಮತ್ತೆ ಹೇಳಿದರು. ತುಟಿ ನೀಲಿಯಾಯಿತು. ಅಂಬುಜಾ ಅಳುತ್ತ ನಳಿಕೆ ಮತ್ತೆ ಹಾಕಿದಳು. ನಾನು ಬಾಗಿಲಲ್ಲೇ ನಿಂತಿದ್ದೆ, ತಡೆಯಲಿಲ್ಲ. ಭೀಮಶ್ಯಾ ಎದ್ದು ಕೈ ಮುಗಿದು ಹೋದರು.

ಮೂರನೆಯ ದಿನ ಬೆಳಿಗ್ಗೆ ಚಹಾ ಮಾಡಿ ಬಂದು ನೋಡಿದರೆ ಇವರು ಇರಲಿಲ್ಲ. ಮಶೀನು ನಡೆದೇ ಇತ್ತು. ಸ್ವಿಚ್ ಎಲ್ಲಿದೆ ಎಂದು ಹುಡುಕಿ ಆರಿಸಿದೆ. ಜನ ಬಂದರು, ಮಣ್ಣು ಮಾಡಿ ಬಂದರು. ಫೈನಲ್ ಮರುದಿನ ಇತ್ತಂತೆ. ನನಗೆ ಅಳು ಬರಲಿಲ್ಲ. ಎಲ್ಲರೂ ಬರುತ್ತದೆ, ಬರುತ್ತದೆ ಎಂದರು.

ಹನ್ನೊಂದನೇ ದಿನಕ್ಕೆ ಭೀಮಶ್ಯಾ ಬಂದರು. ಒಳಗೆ ಬರದೆ ಕಟ್ಟೆಯ ಮೇಲೆ ಕೂತರು.

"ವೈನಿ, ನಾ ಬರ್ದಿದ್ರ ಇನ್ನೊಂದೆರಡ ತಿಂಗಳು ಇರ್ತಿದ್ದ ಅಂತ ಅಂಬುಜಾ ಅಂದ್ಳು. ಖರೇನು?"

"ಖರೇ ಇರಬಹುದ್ರಿ."

ಅವರು ತಲೆ ತಗ್ಗಿಸಿದರು.

"ಆದ್ರ ಬಾಗಲಾ ತೆಗದಾಕಿ ನಾ" ಎಂದೆ. "ಗೊತ್ತಿದ್ದೇ ತೆಗದೀನಿ. ಅದು ನಿಮ್ಮ ಪಾಲಿಗಿ ಬರಲ್ಲ. ಏಳ್ರಿ, ಉಣ್ಣಾಕ ಬರ್ರಿ."

ಅವರು ಎದ್ದು ಒಳಗೆ ಬಂದು ಉಂಡರು. ಅಂಬುಜಾ ಬಡಿಸಲು ಬರಲಿಲ್ಲ, ನಾನೇ ಬಡಿಸಿದೆ. ನಾನು ಹೇಳಿದ್ದನ್ನು ಅವಳು ಒಳಗಿನ ಕೋಣೆಯಲ್ಲಿ ಕೇಳಿಸಿಕೊಂಡಿದ್ದಳು. ಮರುದಿನವೇ ಸೇಡಂಗೆ ಹೋದಳು.

ಈಗ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಊಟ ಆಯಿತೇ ಎಂದು ಕೇಳುತ್ತಾಳೆ. ಆಯಿತು ಎನ್ನುತ್ತೇನೆ. ಅದರ ಮುಂದೆ ನಮ್ಮಿಬ್ಬರಿಗೂ ಮಾತು ಹೋಗುವುದಿಲ್ಲ.