ಬಚ್ಚಲ ಗೋಡೆಯ ಜರಿ

ಬಾಗಲಕೋಟೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದ ನನ್ನನ್ನು ಎಪ್ಪತ್ತರ ದಶಕದ ಕೊನೆಯಲ್ಲಿ ಇಳಕಲ್ಲಿನ ನೇಕಾರರ ಮನೆಗೆ ಮದುವೆ ಮಾಡಿ ಕೊಟ್ಟರು. ಅಲ್ಲಿ ಹೊಸ ಸೊಸೆ ಹೊಸ್ತಿಲು ದಾಟುವಂತಿರಲಿಲ್ಲ. ನನ್ನ ಪಾಲಿಗಿದ್ದ ಹಸಿರೆಂದರೆ ಬಚ್ಚಲ ಗೋಡೆಯ ಬಿರುಕಿನಲ್ಲಿ ಬೆಳೆದ ಒಂದೇ ಒಂದು ಜರೀಗಿಡ.

ಹೆಸರು ಹೇಳಿದರೆ ಅತ್ತೆ ನಕ್ಕರು. "ಜರಿ ಗಿಡದಾಗ ಬೆಳಿತೈತೇನ? ಹಂಗಾದ್ರ ಸೀರಿ ಸೆರಗಿಗೆ ಸೂರತಿಂದ ಯಾಕ ತರಸಬೇಕು?"

ಎಲೆಯ ಬೆನ್ನ ಮೇಲಿನ ಕಂದು ಚುಕ್ಕೆಗಳನ್ನು ಹುಳದ ತತ್ತಿ ಎಂದುಕೊಂಡು ಅವರು ಬೂದಿ ಹಚ್ಚಿ ಒರೆಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೊನೆಗೆ ಒಂದು ದಿನ ಕೂರಿಸಿಕೊಂಡು ಹೇಳಿದೆ. ಇದಕ್ಕೆ ಹೂವಿಲ್ಲ, ಬೀಜವಿಲ್ಲ. ಆ ಚುಕ್ಕೆಗಳು ಒಡೆದು ಧೂಳಿನಂಥ ಕಣಗಳು ಹಾರುತ್ತವೆ. ಹಸಿ ನೆಲ ಸಿಕ್ಕರೆ ಒಂದೊಂದು ಕಣವೂ ಉಗುರಿಗಿಂತ ಚಿಕ್ಕ ಹಸಿರು ಬಿಲ್ಲೆಯಾಗುತ್ತದೆ. ಅದರ ಮೇಲಿನ ನೀರಿನಲ್ಲಿ ಗಂಡು ಈಜಿ ಹೋಗಿ ಹೆಣ್ಣನ್ನು ಸೇರಿದರೆ ಹೊಸ ಗಿಡ.

"ಈಜಾಕ ನಮ್ಮೂರಾಗ ನೀರೆಲ್ಲಿ ಐತಿ?" ಎಂದರು ಅತ್ತೆ.

"ಒಂದು ಹನಿ ಸಾಕ್ರಿ."

ಅಂದಿನಿಂದ ಅವರು ಬೂದಿ ಹಚ್ಚಲಿಲ್ಲ. ನಾನು ಸ್ನಾನದ ಕೊನೆಯ ತಂಬಿಗೆಯನ್ನು ಗೋಡೆಗೇ ಸುರಿಯುತ್ತಿದ್ದೆ.

ಮುಂದಿನ ಮಳೆಗಾಲದಲ್ಲಿ ಅತ್ತೆ ಹೊರಗಿನಿಂದ ಓಡುತ್ತಲೇ ಬಂದರು. "ಏ, ನಿನ್ನ ಗಿಡ ಗೋಡಿ ದಾಟಿ ಓಣ್ಯಾಗ ಹುಟ್ಟೈತಿ! ಗಟಾರದ ಕಲ್ಲಿನ ಸಂದ್ಯಾಗ, ಇಷ್ಟ ಸಣ್ಣ ಮರಿ!"

ನಾನು ಒದ್ದೆ ಕೈಯಲ್ಲೇ ಬಾಗಿಲಿಗೆ ಓಡಿದೆ. ಅತ್ತೆ ಕೈ ಅಡ್ಡ ಇಟ್ಟರು. ಮುಖದಲ್ಲಿ ಇನ್ನೂ ಅದೇ ಖುಷಿ ಇತ್ತು.

"ನೀ ಎಲ್ಲಿ ಹೊಂಟಿ? ನಾ ನೋಡಿ ಬಂದೇನಲ್ಲ, ಸಾಕು."