ಮೇಲೂರಿನಿಂದ ತಂದ ಕಾರು

ಸ್ನೇಹಿತರೇ, ಎಂಜಿನ್ ಸದ್ದು ಕೇಳಿಯೇ ಕಾರಿನ ಜಾತಕ ಹೇಳಬಲ್ಲವನು ನಾನು. ಇವತ್ತು ಬೆಳಿಗ್ಗೆ ಮೇಲೂರಿನ ರೈತರೊಬ್ಬರಿಂದ ಹಳೆಯ ಕಾರು ಕೊಂಡೆ. ಅವರೇ ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟು, "ಅಣ್ಣಾ, ಮನೆ ಸೇರೋವರ್ಗೂ ಹಿಂದಕ್ಕೆ ಮಾತ್ರ ತೆಗೀಬೇಡಿ, ಅಪಶಕುನ" ಎಂದರು. ಎಂಥ ದೈವಭಕ್ತರಪ್ಪಾ ಎಂದು ಕೈಮುಗಿದು ಹೊರಟೆ.

ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಎದುರಿಗೆ ಹಾಲಿನ ವ್ಯಾನು ಬಂತು. ರಿವರ್ಸ್ ಗೇರ್ ಹಾಕಿದೆ. ಕಾರು ಗುರ್ ಎಂದಿತೇ ಹೊರತು ಒಂದಿಂಚೂ ಕದಲಲಿಲ್ಲ. ಆ ಪುಣ್ಯಾತ್ಮನಿಗೆ ಫೋನ್ ಮಾಡಿ ಕೂಗಾಡಿದೆ.

"ಹಿಂದಕ್ಕೆ ತೆಗೀಬೇಡಿ ಅಂತ ಮೊದ್ಲೇ ಹೇಳಿದ್ನಲ್ಲಣ್ಣಾ!" ಎಂದ.

ಬೀದಿಯವರೆಲ್ಲ ಸೇರಿ ಕಾರನ್ನು ಹಿಂದಕ್ಕೆ ತಳ್ಳಿದರು. ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ನನ್ನ ಹೆಂಡತಿ, "ಜಾತಕದಲ್ಲಿ ಇದು ಬರ್ದಿರ್ಲಿಲ್ವೇನ್ರೀ?" ಎಂದಳು.

ಕಾರು ಈಗ ಮಾರಾಟಕ್ಕಿದೆ. ನಿಂಬೆಹಣ್ಣು ನಾನೇ ಇಟ್ಟು ಕೊಡುತ್ತೇನೆ.