ಅಯ್ಯನವರು ಅಪ್ಪನನ್ನು ಕೂಡಿಸಿದ್ದು

ಹರ್ತಿಯ ನಮ್ಮ ಅಯ್ಯನವರ ಬಲಗೈಯ ಮೂರು ಬೆರಳು ಸದಾ ಬೆಳ್ಳಗೆ. ಎಷ್ಟು ತೊಳೆದರೂ ಉಗುರಿನ ಸಂದಿಯ ವಿಭೂತಿ ಹೋಗುತ್ತಿರಲಿಲ್ಲ. ಲಿಂಗದೀಕ್ಷೆಯಿಂದ ಸಮಾಧಿಯವರೆಗೆ ಊರಿನ ಎಲ್ಲ ಕಾರ್ಯಕ್ಕೂ ಅದೇ ಕೈ. ಬಾಯಿ ಮಾತ್ರ ಒರಟು. ಒಮ್ಮೆ ಕಟ್ಟೆಯ ಮೇಲೆ ಒಬ್ಬ, ಮುಕ್ತಿಗೆ ಜ್ಞಾನ, ಭಕ್ತಿ, ಕರ್ಮ ಇವುಗಳಲ್ಲಿ ಯಾವ ದಾರಿ ಹತ್ತಿರ ಎಂದು ಕೇಳಿದ.

"ಬಸ್‌ಸ್ಟ್ಯಾಂಡಿನ್ಯಾಗ ನಿಂತು ಬರೇ ಬೋರ್ಡ್ ಓದತೀಯಲ್ಲೋ. ಯಾವದರ ಒಂದು ಬಸ್ ಹತ್ತಲೇ!" ಎಂದರು.

ಅವರು ತಮಗೆ ಹಾಕಿಕೊಂಡ ಕಟ್ಟು ಒಂದೇ: ಸುಳ್ಳಾಡಬಾರದು. ಒಂದು ಸುಳ್ಳಿಗೆ ಒಂದು ಜನ್ಮ ಹೆಚ್ಚು ಎಂದು ನಿಜಕ್ಕೂ ನಂಬಿದ್ದರು. ಎಪ್ಪತ್ತು ದಾಟಿತ್ತು, ಇದೇ ತಮ್ಮ ಕಡೆಯ ಜನ್ಮ ಎನ್ನುತ್ತಿದ್ದರು.

ಅಪ್ಪ ಗದಗಿನ ದವಾಖಾನೆಯಲ್ಲಿ ತೀರಿಕೊಂಡಾಗ ನಾನು ಮಾಡಿದ್ದು ಶುದ್ಧ ದಡ್ಡತನ. ನಮ್ಮಲ್ಲಿ ಜೀವ ಹೋದ ಕೂಡಲೇ ಪದ್ಮಾಸನದಲ್ಲಿ ಕೂಡಿಸಬೇಕು, ಹಾಗೆ ಕೂತೇ ಮಣ್ಣಾಗಬೇಕು. ನಾನೋ, ಮುಂಡರಗಿಯಿಂದ ಅಕ್ಕ ಬರಲಿ ಎಂದು ಐಸ್ ಪೆಟ್ಟಿಗೆಯಲ್ಲಿ ಮಲಗಿಸಿಬಿಟ್ಟೆ. ಮಧ್ಯಾಹ್ನ ಮನೆಗೆ ತರುವಷ್ಟರಲ್ಲಿ ಅಪ್ಪ ಹಲಗೆಯಂತೆ ಸೆಟೆದಿದ್ದ.

"ಕೂಡಸದ ಕಳಿಸಿದ್ರ ಅವ್ರಿಗೆ ಮುಕ್ತಿ ಇಲ್ರಿ, ಅಯ್ಯನವರ! ಅವ್ರು ಕುಂಡ್ರಲಿಲ್ಲಂದ್ರ ನಾನು ಅನ್ನ ಮುಟ್ಟಂಗಿಲ್ಲ!" ಅವ್ವ ಪಡಸಾಲೆಯಿಂದ ಕೂಗಿದಳು. ಅವಳು ಆಡಿದ್ದನ್ನು ಮಾಡುವ ಹೆಂಗಸು.

ಕೋಣೆಯೊಳಗೆ ಕಾಕಾ ಅಪ್ಪನ ಮೊಣಕಾಲ ಮೇಲೆ ಭಾರ ಹಾಕಿದ. "ಒತ್ತೂಣು. ಮುರದ್ರ ಮುರೀಲಿ!"

"ಕೈ ತಗೀ! ಕಟ್ಟಿಗಿ ಒಡ್ಯಾಕ ಬಂದೀಯೇನ? ನಿಮ್ಮಣ್ಣ ಅದಾನ!" ಅಯ್ಯನವರು ಗದರಿದರು.

ಕಾಕಾನನ್ನು ಹೊರಗೆ ದಬ್ಬಿ ನನ್ನಿಂದ ಒಳಗಿನಿಂದಲೇ ಬಾಗಿಲು ಹಾಕಿಸಿದರು. ಬಿಸಿನೀರಲ್ಲಿ ಬಟ್ಟೆ ಅದ್ದಿ ಅದ್ದಿ ಕೀಲು ಕೀಲನ್ನೂ ಉಜ್ಜತೊಡಗಿದರು. ಜೊತೆಗೆ ಅಪ್ಪನೊಡನೆ ಮಾತು ಬೇರೆ: "ಗೌಡ್ರ, ಸ್ವಲ್ಪ ಸಡ್ಲ ಬಿಡ್ರಿ. ಇದ್ದಾಗೂ ಹಠಮಾರಿ, ಈಗೂ ಅದನ ಹಠ ಅಂದ್ರ ಹೆಂಗ್ರಿ?"

ಸೊಂಟ ಬಾಗಿತು. ಬಲಗಾಲು ಮಡಚಿತು. ಎಡಗಾಲು ಅರ್ಧಕ್ಕೆ ನಿಂತಿತು. ಹೊರಗೆ ಭಜನೆಯವರು ಎರಡು ಸಲ ಬಾಗಿಲು ಬಡಿದರು, ಹೊತ್ತು ಇಳಿಯುತ್ತಿತ್ತು. ಕೊನೆಗೆ ಅಯ್ಯನವರು ತೊಡೆಯ ಮೇಲೆ ಶಾಲು ಹೊದಿಸಿ, ಎಡಗಡೆ ಬಿಲ್ವಪತ್ರೆ, ಚೆಂಡುಹೂವು ರಾಶಿ ಹಾಕಿ ಬಾಗಿಲು ತೆಗೆಸಿದರು.

ಅವ್ವ ಅಪ್ಪನನ್ನು ನೋಡಲೇ ಇಲ್ಲ. ನೆಟ್ಟಗೆ ಅಯ್ಯನವರ ಮುಖ ನೋಡಿದಳು.

"ಖರೆ ಹೇಳ್ರಿ. ಎರಡೂ ಕಾಲು ಕೂಡ್ಯಾವೇನು?"

ಅಯ್ಯನವರು ಒಂದು ಗಳಿಗೆ ಕಣ್ಣು ಮುಚ್ಚಿದರು.

"ಕೂಡ್ಯಾವ ತಂಗೆವ್ವ. ಪದ್ಮಾಸನ ಹಾಕಿ ಕುಂತಾರ."

ಅವ್ವ ಅಲ್ಲೇ ಕುಸಿದು, ಆ ದಿನ ಮೊದಲ ಸಲ ಅತ್ತಳು.

ಸಮಾಧಿ ಮುಗಿಸಿ ಬರುವಾಗ ಮೆಲ್ಲಗೆ ಹೇಳಿದೆ: "ನಮ್ಮ ಸಲುವಾಗಿ ಸುಳ್ಳಾಡಿದ್ರಲ್ರಿ..."

"ಹೌದಲೇ. ಮುಕ್ತಿ ಏನು ಮೊಣಕಾಲಾಗ ಇರ್ತೈತೇನು? ಆದ್ರ ಇವತ್ತ ಅದನ್ನ ನಿಮ್ಮವ್ವಗ ತಿಳಿಸಾಕ ಆಗಂಗಿಲ್ಲ. ನಂದೊಂದು ಜನ್ಮ ಹೆಚ್ಚಾತು. ಆಗ್ಲಿ ಬಿಡು." ಹೇಳುವಾಗ ನಗಲಿಲ್ಲ.

ಅವ್ವ ಆಮೇಲೆ ಒಂಬತ್ತು ವರ್ಷ ಉಂಡು, ತಿರುಗಾಡಿಕೊಂಡು ಬದುಕಿದಳು. "ನಿಮ್ಮಪ್ಪ ಏನ್ ಚಂದ ಕುಂತಿದ್ರೋ" ಎನ್ನುತ್ತಲೇ ಹೋದಳು. ಹೋದ ತಿಂಗಳು ಅಯ್ಯನವರೂ ಹೋದರು. ಅವರಿಗೆ ಮುಕ್ತಿ ಸಿಕ್ಕಿತು ಎಂದು ಊರೆಲ್ಲ ಹೇಳಿತು. ನಾನು ಹೂಂ ಎನ್ನಲಿಲ್ಲ. ಈ ಹೊತ್ತು ಅವರು ಎಲ್ಲೋ ಕೂಸಾಗಿ ಹುಟ್ಟಿದ್ದರೆ, ಅದಕ್ಕೆ ನಮ್ಮ ಮನೆಯೇ ಕಾರಣ.